ಪ್ರಶ್ನೆಗೆ ಸಮಯವಿಲ್ಲ

ಯಾವುದಾದರೂ ಮಹಿಳಾ ಕಾಲೇಜಿನ ಆಹ್ವಾನಪತ್ರಿಕೆ ಕೈಗೆ ಬಂದರೆ ಕೆಳಗಿನಿಂದ ಮೇಲಕ್ಕೆ ಓದಿ ನೋಡಿ. ತಳದಲ್ಲಿ, ಸಣ್ಣ ಅಕ್ಷರಗಳಲ್ಲಿ, ಪ್ರಾರ್ಥನೆ, ನಿರೂಪಣೆ, ವಂದನಾರ್ಪಣೆ. ಅಲ್ಲಿ ಹುಡುಗಿಯರ ಹೆಸರಿರುತ್ತದೆ. ಎಷ್ಟೋ ಸಲ ಅದೂ ಇಲ್ಲ, ಬರೀ 'ವಿದ್ಯಾರ್ಥಿನಿಯರಿಂದ'. ಮೇಲೇರಿದಂತೆ ಅಕ್ಷರಗಳು ದಪ್ಪವಾಗುತ್ತವೆ, ಹೆಸರಿಗೆ ಹುದ್ದೆಗಳು ಅಂಟಿಕೊಳ್ಳುತ್ತವೆ, ಮೀಸೆಗಳೂ ಹೆಚ್ಚುತ್ತವೆ. ಓದುವವರೆಲ್ಲ ಹೆಣ್ಣುಮಕ್ಕಳಾದ ಕಾಲೇಜಿನಲ್ಲಿ ಅವರಿಗೆ ಸಿಗುವುದು ಬೇರೆಯವರ ಮಾತಿಗೆ ಬಾಗಿಲು ತೆರೆಯುವ, ಮುಗಿದ ಮೇಲೆ ಮುಚ್ಚುವ ಕೆಲಸ.

ಮೈಸೂರಿನಲ್ಲಿ ನಾನು ಓದಿದ ಕಾಲೇಜೂ ಹೀಗೇ ಇತ್ತು. ಹೆಸರು ಬೇಡ. ಎರಡನೇ ಬಿ.ಎ.ಯಲ್ಲಿದ್ದಾಗ ನನ್ನನ್ನು ಪೂರ್ಣಕುಂಭಕ್ಕೆ ಆರಿಸಿದ್ದರು, ಎತ್ತರ ನೋಡಿ. ಬಣ್ಣ ನೋಡಿ ಆರಿಸಿದವರು ಮುಂದಿನ ಸಾಲಿನಲ್ಲಿದ್ದರು, ನಾನು ಹಿಂದೆ. ಅಮ್ಮನ ರೇಷ್ಮೆ ಸೀರೆ, ತಲೆಗೆ ಮಲ್ಲಿಗೆ. ಹತ್ತೂವರೆಗೆ ಬರಬೇಕಾದ ಅತಿಥಿಗಳು ಹನ್ನೆರಡಕ್ಕೆ ಬಂದರು. ಅಷ್ಟರಲ್ಲಿ ಕಳಶದ ನೀರು ತುಳುಕಿ ಸೆರಗು ಒದ್ದೆಯಾಗಿತ್ತು, ಮೂರು ಪೀರಿಯಡ್ ಹೋಗಿದ್ದವು. ಅವರು ಮಾತಾಡಿದ ವಿಷಯ ಮಹಿಳಾ ಸಬಲೀಕರಣ.

ರಂಗೋಲಿ, ಹಾಡು, ಹೂವಿನ ಮೇಲೆ ನನಗೇನೂ ದ್ವೇಷವಿಲ್ಲ. ನಮ್ಮ ಮನೆ ಬಾಗಿಲಿಗೆ ಇವತ್ತಿಗೂ ನಾನೇ ರಂಗೋಲಿ ಇಡುತ್ತೇನೆ. ನನ್ನ ತಕರಾರಿರುವುದು ಕಾಲೇಜೊಂದು ಇದನ್ನೇ 'ಸಾಂಸ್ಕೃತಿಕ ಚಟುವಟಿಕೆ' ಎಂದು ವರದಿಯಲ್ಲಿ ಬರೆದು, ಫೋಟೋ ಅಂಟಿಸಿ, ಕೈತೊಳೆದುಕೊಳ್ಳುವುದರ ಬಗ್ಗೆ. ಭೂಮಿಗೀತದಲ್ಲಿ ನಾಟಕ ಶುರುವಾಗುವುದು ಸಂಜೆ ಆರೂವರೆಗೆ. ನಮ್ಮ ಹಾಸ್ಟೆಲಿನ ಗೇಟು ಬೀಳುತ್ತಿದ್ದದ್ದು ಆರಕ್ಕೆ. ರಂಗಾಯಣ ಇರುವ ಊರಿನಲ್ಲಿ ಮೂರು ವರ್ಷ ಸಾಹಿತ್ಯ ಓದಿ ಒಂದೇ ಒಂದು ನಾಟಕ ನೋಡದೆ ಪದವಿ ಪಡೆದವರು ನಾವು.

ಹೆಣ್ಣುಮಕ್ಕಳ ಕಾಲೇಜು ಮೊದಲಿನಿಂದಲೂ ಹೀಗೇ, ಈಗಷ್ಟೇ ಕೆಟ್ಟದ್ದಲ್ಲ ಎನ್ನುವವರಿದ್ದಾರೆ. ಅರ್ಧ ಸತ್ಯ. 1881ರಲ್ಲಿ ಅರಮನೆಯ ಬಕ್ಷಿ ಅಂಬಿಲ್ ನರಸಿಂಹಯ್ಯಂಗಾರರು ಇಲ್ಲಿ ಮಹಾರಾಣಿ ಶಾಲೆ ತೆರೆದಾಗ ಬಾಗಿಲಿದ್ದದ್ದು ಮೇಲ್ಜಾತಿಯ ಮನೆಗಳ ಹುಡುಗಿಯರಿಗೆ. ಹಿರಿಯರು ಬೆದರದಿರಲೆಂದು ಪಾಠದಲ್ಲಿ ಸಂಗೀತವಿತ್ತು, ಸಂಸ್ಕೃತವಿತ್ತು. ಅಂದರೆ ಅಲಂಕಾರದ ಷರತ್ತು ಹುಟ್ಟಿನಲ್ಲೇ ಇತ್ತು. ಆದರೆ ಆ ಷರತ್ತನ್ನು ಹುಡುಗಿಯರು ಪಾಲಿಸಿದರೇ? ಶಾಲೆ ಕಾಲೇಜಾಯಿತು, 1906ರಲ್ಲಿ ರುಕ್ಮಿಣಿಯಮ್ಮ, ಶ್ರೀರಂಗಮ್ಮ ಬಿ.ಎ. ಮುಗಿಸಿದರು. ಮುಂದೆ ಅದೇ ಮಹಾರಾಣಿ ಕಾಲೇಜಿನಲ್ಲಿ ಅನಸೂಯಾ ಎಂಬ ಹುಡುಗಿ ಮನಃಶಾಸ್ತ್ರ ಓದಿ ಚಿನ್ನದ ಪದಕ ಪಡೆದಳು. ಆಕೆಯೇ ತ್ರಿವೇಣಿ. ತರಗತಿಯಲ್ಲಿ ಓದಿದ್ದು ಪದಕದ ಜೊತೆ ಪೆಟ್ಟಿಗೆ ಸೇರಲಿಲ್ಲ, ನೇರವಾಗಿ ಕನ್ನಡ ಕಾದಂಬರಿಗೆ ಇಳಿಯಿತು. ಹೆಣ್ಣಿನ ಮನಸ್ಸಿನ ಕಾಯಿಲೆಯನ್ನು ದೆವ್ವ, ಶಾಪ ಎನ್ನದೆ ಕಾಯಿಲೆ ಎಂದೇ ಕರೆಯುವ ಧೈರ್ಯ ಬಂದದ್ದು ಅಲ್ಲಿಂದ. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು.

ನಿರೂಪಣೆ, ಸ್ವಾಗತದಿಂದಲೂ ಧೈರ್ಯ ಬರುತ್ತದೆ ಎಂದು ನನ್ನ ಗೆಳತಿಯೊಬ್ಬಳು ವಾದಿಸುತ್ತಾಳೆ. ಮೈಕಿನ ಭಯ ಹೋಗುವುದು ನಿಜ. ಆದರೆ ಮೇಡಂ ಬರೆದುಕೊಟ್ಟ ಚೀಟಿಯನ್ನು ತಪ್ಪಿಲ್ಲದೆ ಓದುವ ಧೈರ್ಯ ಬೇರೆ, 'ನೀವು ಹೇಳಿದ್ದು ನನಗೆ ಒಪ್ಪಿಗೆಯಿಲ್ಲ ಸರ್' ಎನ್ನುವ ಧೈರ್ಯ ಬೇರೆ. ಎರಡನೆಯದಕ್ಕೆ ನಮ್ಮ ಕಾರ್ಯಕ್ರಮಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ.

ಇದನ್ನೆಲ್ಲ ಹೊರಗೆ ನಿಂತು ಹೇಳುತ್ತಿಲ್ಲ. ಈಚೆಗೆ ಒಂದು ಕಾಲೇಜು ತ್ರಿವೇಣಿಯವರ ಬಗ್ಗೆ ಮಾತಾಡಲು ನನ್ನನ್ನೇ ಕರೆದಿತ್ತು. ನನಗೂ ಪೂರ್ಣಕುಂಭ! ಬೇಡ ಎನ್ನಬೇಕಿತ್ತು, ನಾಚಿಕೊಂಡು ಒಳಗೆ ಹೋದೆ. ಉದ್ಘಾಟಕರು ಮುಕ್ಕಾಲು ಗಂಟೆ ತೆಗೆದುಕೊಂಡರು, ಅಧ್ಯಕ್ಷರು ಅರ್ಧ ಗಂಟೆ. ನಡುವೆ ನಾನೂ ಕೊಟ್ಟ ಸಮಯ ಮೀರಿದೆ. ಕೊನೆಗೆ ನಿರೂಪಕಿ ಚೀಟಿ ನೋಡಿಕೊಂಡು ಹೇಳಿದಳು: ವಿದ್ಯಾರ್ಥಿನಿಯರು ಬಸ್ಸಿಗೆ ಹೋಗಬೇಕಾದ ಕಾರಣ ಸಂವಾದವನ್ನು ಕೈಬಿಡಲಾಗಿದೆ.

ಬಸ್ಸು ಯಾರಿಗೆ ಗೊತ್ತಿಲ್ಲ? 2023ರ ಜೂನ್‌ನಿಂದ ಟಿಕೆಟ್ ದುಡ್ಡಿನ ಚಿಂತೆ ತಪ್ಪಿದ ಮೇಲೆ ನಂಜನಗೂಡು, ಹುಣಸೂರು, ತಿ. ನರಸೀಪುರದ ಕಡೆಯಿಂದ ದಿನವೂ ಓಡಾಡಿ ಓದುವುದು ಎಷ್ಟೋ ಹುಡುಗಿಯರಿಗೆ ಸುಲಭವಾಗಿದೆ. ಊರಿಗೆ ಹೋಗುವ ಬಸ್ಸಿನ ವೇಳೆ ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಅತಿಥಿ ಒಂದು ಗಂಟೆ ತಡವಾದಾಗ ಬಸ್ಸು ಯಾರಿಗೂ ನೆನಪಾಗುವುದಿಲ್ಲ. ಹುಡುಗಿ ಕೈಯೆತ್ತುವ ಹೊತ್ತಿಗೆ ಮಾತ್ರ ನೆನಪಾಗುತ್ತದೆ. ಸಂವಾದವನ್ನು ಮೊದಲಿಗಿಟ್ಟು ನೋಡಿ. ತ್ರಿವೇಣಿಯನ್ನು ಓದಿದ ಹುಡುಗಿಯರೇ ಅರ್ಧ ಗಂಟೆ ಮಾತಾಡಲಿ, ಕರೆಸಿದವರು ಉತ್ತರ ಹೇಳಲಿ. ಸಮಯ ಸಾಲದಿದ್ದರೆ ಅಧ್ಯಕ್ಷರ ಭಾಷಣ ಕೈಬಿಡಿ.

ಆ ದಿನ ಗೇಟಿನ ಹತ್ತಿರ ಒಬ್ಬಳು ಓಡಿ ಬಂದಳು, ಬ್ಯಾಗು ಎದೆಗವಚಿಕೊಂಡು. "ಮೇಡಂ, ಒಂದು ಕೇಳ್ಲಾ? ಶರಪಂಜರದಲ್ಲಿ ಕಾವೇರಿಗೆ ಹುಚ್ಚು ತಿರುಗಿ ಬಂತಾ, ಇಲ್ಲಾ ಬಂದೇ ಬರುತ್ತೆ ಅಂತ ಮನೆಯವರು ಕಾಯ್ಕೊಂಡು ಕೂತಿದ್ರಾ?" ನಾನು ಮುಕ್ಕಾಲು ಗಂಟೆ ಮಾತಾಡಿದ್ದರಲ್ಲಿ ಇಷ್ಟು ನೇರವಾದ ಒಂದು ಮಾತಿರಲಿಲ್ಲ. ಸಭೆಯಲ್ಲಿ ಯಾಕೆ ಕೇಳಲಿಲ್ಲ ಎಂದೆ. "ಬರ್ಕೊಂಡಿದ್ದೆ ಮೇಡಂ, ಚೀಟಿ ಮೇಲೆ ಕೊಟ್ಟಿದ್ದೆ" ಎಂದಳು. ಉತ್ತರಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ನಂಜನಗೂಡಿನ ಬಸ್ಸು ಬಂತು. ಹತ್ತಿದಳು, ಫುಟ್‌ಬೋರ್ಡಿನಿಂದಲೇ ತಿರುಗಿ ನನ್ನ ಮುಖ ನೋಡಿದಳು, ಇನ್ನೂ ಕಾಯುತ್ತಿರುವವಳ ಹಾಗೆ.