ಜಾಗೆ ಮಾರುವುದು ಗುಟ್ಟಿನ ಕೆಲಸವಲ್ಲ

ಅಡಿಕೆ ಕೊಡುವ ಮೊದಲು ನಾಲ್ಕು ಅಂಗಡಿಯಲ್ಲಿ ದರ ಕೇಳುತ್ತೇವೆ. ದನ ಮಾರಲಿಕ್ಕಿದ್ದರೆ ಊರಿಡೀ ಹೇಳುತ್ತೇವೆ. ಮನೆ-ತೋಟ ಮಾರುವಾಗ ಮಾತ್ರ ಪಕ್ಕದ ಮನೆಗೂ ಗೊತ್ತಾಗಬಾರದು! ದಲ್ಲಾಳಿಯ ಕಿವಿಯಲ್ಲಿ ಹೇಳುವುದು, ನೋಡಲು ಬಂದವರನ್ನು 'ನೆಂಟರು' ಅನ್ನುವುದು, ನೋಂದಣಿ ಮುಗಿದ ಮೇಲೆ ಊರಿಗೆ ಸುದ್ದಿ ಬಿಡುವುದು. ನಮ್ಮ ಕರಾವಳಿ, ಮಲೆನಾಡಿನಲ್ಲಿ ಇದೇ ಕ್ರಮ ಆಗಿಬಿಟ್ಟಿದೆ.

ಕಾರಣ ಸಂಕೋಚ. 'ಅಜ್ಜ ಮಾಡಿದ ಜಾಗೆ ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲ' ಎಂದು ಜನ ಆಡಿಕೊಂಡಾರು ಎಂಬ ಹೆದರಿಕೆ. ಆದರೆ ಮಕ್ಕಳು ಬೆಂಗಳೂರಿನಲ್ಲಿ, ಗಂಡ-ಹೆಂಡತಿಗೆ ಎಪ್ಪತ್ತು ದಾಟಿದೆ, ಮದ್ದು ಬಿಡಲು ಜನ ಇಲ್ಲ ಎಂದಾದಾಗ ಮಾರುವುದರಲ್ಲಿ ನಾಚಿಕೆ ಏನುಂಟು? ತೋಟ ಹಾಳು ಬೀಳುವುದಕ್ಕಿಂತ ದುಡಿಯುವ ಕೈಗೆ ಹೋಗುವುದು ಒಳ್ಳೆಯದು. ನನ್ನ ತಕರಾರು ಮಾರುವುದರ ಬಗ್ಗೆ ಅಲ್ಲ, ಗುಟ್ಟಾಗಿ ಮಾರುವುದರ ಬಗ್ಗೆ. ಅದರಿಂದ ಮಾರುವವನಿಗೂ ನಷ್ಟ, ಕೊಳ್ಳುವವನಿಗೂ ಫಜೀತಿ.

ಗುಟ್ಟಿಗೆ ತೆರುವ ಬೆಲೆ

ಗುಟ್ಟಿನ ವ್ಯಾಪಾರದಲ್ಲಿ ಗಿರಾಕಿ ಒಬ್ಬನೇ, ದಲ್ಲಾಳಿಯೂ ಒಬ್ಬನೇ. ಅವರು ಹೇಳಿದ್ದೇ ದರ. ನಿಮ್ಮ ಜಾಗೆಗೆ ಅತಿ ಹೆಚ್ಚು ಬೆಲೆ ಕೊಡಬಲ್ಲವನು ಹಲವು ಸಲ ಬೇಲಿಯಾಚೆಯ ನೆರೆಯವನೇ. ಅವನಿಗೆ ಅದೇ ತೋಡಿನ ನೀರು, ಅದೇ ದಾರಿ, ಆಳುಗಳೂ ಅವರೇ. ಅವನಿಗೆ ಸುದ್ದಿ ಮುಟ್ಟುವಾಗ ಮುಂಗಡ ಕೈ ಬದಲಾಗಿರುತ್ತದೆ. ಆ ಸಿಟ್ಟು ಹೊಸಬನ ಮೇಲೆ ತೀರುತ್ತದೆ: ದಾರಿಗೆ ಬೇಲಿ, ಕಟ್ಟದ ನೀರಿಗೆ ಜಗಳ.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ 79ಎ, 79ಬಿ ಕಲಂಗಳು ಹೋದವು. ಕೃಷಿಕರಲ್ಲದವರಿಗೂ ಕೊಳ್ಳಲು ಬಾಗಿಲು ತೆರೆಯಿತು. ದೂರದ ಹಣ ಬರುತ್ತಿದೆ, ದಲ್ಲಾಳಿಗಳೂ ಹೆಚ್ಚಿದ್ದಾರೆ. ಮಾರುವವನು ಸಿದ್ಧನಾಗಿರದಿದ್ದರೆ ಇದರ ಲಾಭ ಅವನಿಗಲ್ಲ, ನಡುವಿನವರಿಗೆ.

ಮಾರುವವರೇ, ಕಡತ ಮೊದಲು

ಮಾರುವ ಯೋಚನೆ ಇರಲಿ, ಇಲ್ಲದಿರಲಿ, ಅರುವತ್ತು ದಾಟಿದ ಪ್ರತಿ ಕೃಷಿಕನೂ ಜಾಗೆಯ ಕಡತವನ್ನು ಸರಿ ಮಾಡಿಡಬೇಕು. ಇದು ಒಂದು ವಾರದ ಕೆಲಸ ಅಲ್ಲ.

ಮೊದಲು ಪಹಣಿ ತೆಗೆದು ನೋಡಿ. 9ನೇ ಕಾಲಂನಲ್ಲಿ ಯಾರ ಹೆಸರುಂಟು? ತೀರಿಹೋದ ತಂದೆಯದ್ದೋ, ಅಜ್ಜನದ್ದೋ ಆದರೆ ಪೌತಿ ಖಾತೆ ಆಗಬೇಕು. 11ನೇ ಕಾಲಂನಲ್ಲಿ ಸಾಲ, ಹಕ್ಕುಗಳ ವಿವರ. ಎಂದೋ ತೀರಿಸಿದ ಸೊಸೈಟಿ ಸಾಲ ಅಲ್ಲಿ ಹಾಗೆಯೇ ಕೂತಿರುವುದುಂಟು. ತೀರುವಳಿ ಪತ್ರ ಕೊಟ್ಟು ತೆಗೆಸಿ.

ಎರಡನೆಯದು ಹೆಣ್ಣುಮಕ್ಕಳ ಪಾಲು. 'ಮದುವೆಯಲ್ಲಿ ಕೊಟ್ಟಾಗಿದೆ' ಎಂಬ ಮಾತು ಇವತ್ತು ನಡೆಯುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಕೊಟ್ಟಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಉಂಟು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಪ್ರಕಾರ ಪಾಲಾಗಿದ್ದರೆ ಮಾತ್ರ ಅದು ಬೇರೆ. ಹಾಗಾಗಿ ಅಕ್ಕ-ತಂಗಿಯರನ್ನು ಕೂರಿಸಿ ಮೊದಲೇ ಮಾತಾಡಿ. ಕೊಡಬೇಕಾದ್ದು ಕೊಟ್ಟು ನೋಂದಾಯಿತ ಪತ್ರ ಮಾಡಿಸಿ. ಮುಂಗಡ ಪಡೆದ ಮೇಲೆ 'ಇಲ್ಲೊಂದು ರುಜು ಹಾಕು' ಎಂದು ತಂಗಿಯ ಮನೆಗೆ ಓಡುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಮೂರನೆಯದು ಅಳತೆ. ಒಂದು ಸರ್ವೆ ನಂಬರಿನ ಸ್ವಲ್ಪ ಭಾಗ ಮಾತ್ರ ಮಾರುವುದಾದರೆ 11-ಇ ನಕ್ಷೆ ಇಲ್ಲದೆ ನೋಂದಣಿ ಆಗುವುದಿಲ್ಲ. ಜಂಟಿ ಪಹಣಿ ಇದ್ದರೆ ಪೋಡಿಗೆ ಅರ್ಜಿ ಕೊಡಿ. ಅಳತೆಯ ದಿನ ನೆರೆಕರೆಯವರನ್ನು ಕರೆಯಿರಿ. ಗಡಿಕಲ್ಲು ಅವರ ಕಣ್ಣೆದುರೇ ಬೀಳಲಿ.

ಮನೆಯ ದಾಖಲೆಯೂ ಬೇಕು. ಕೃಷಿಭೂಮಿಯಲ್ಲಿ ಸ್ವಂತ ವಾಸಕ್ಕೆ ಕಟ್ಟಿದ ತೋಟದ ಮನೆಗೆ ಭೂಪರಿವರ್ತನೆ ಬೇಡ, ಅದು ಹಿಡುವಳಿಯ ಶೇ. 10ರ ಒಳಗಿದ್ದರೆ ಸಾಕು. ಪರಿವರ್ತನೆ ಆದ ಜಾಗದ ಮನೆಗೆ ಪಂಚಾಯತಿನ 9 ಮತ್ತು 11 ನಮೂನೆ ಬೇಕು. ಕೊಳ್ಳುವವನು ಮನೆಯ ಮೇಲೆ ಬ್ಯಾಂಕ್ ಸಾಲ ಮಾಡುವವನಾದರೆ ಮೊದಲ ಪ್ರಶ್ನೆಯೇ ಇದು.

ಕುಮ್ಕಿ ಮಾರಲಿಕ್ಕೆ ಬರುವುದಿಲ್ಲ

'5 ಎಕರೆ ವರ್ಗ, 8 ಎಕರೆ ಕುಮ್ಕಿ' ಎಂದು ಹೇಳಿ ಹದಿಮೂರು ಎಕರೆಯ ಕ್ರಯ ಕೇಳುವವರಿದ್ದಾರೆ. ಕುಮ್ಕಿ ಎಂದರೆ ಹಳೆಯ ವರ್ಗ ಜಾಗೆಯ ಸುತ್ತ 100 ಗಜದೊಳಗಿನ ಸರ್ಕಾರಿ ಜಮೀನು. ಸೊಪ್ಪು, ಸೌದೆ, ಮೇವಿನ ಸವಲತ್ತು ಮಾತ್ರ ನಮ್ಮದು. ಮಲೆನಾಡಿನ ಸೊಪ್ಪಿನಬೆಟ್ಟವೂ ಸವಲತ್ತೇ ಹೊರತು ಸ್ವತ್ತಲ್ಲ. ಅಲ್ಲಿ ರಬ್ಬರು ಹಾಕಿ ಇಪ್ಪತ್ತು ವರ್ಷ ಆಗಿರಬಹುದು, ಕೊಳವೆ ಬಾವಿಯೂ ಅಲ್ಲೇ ಇರಬಹುದು. ಆದರೂ ಕ್ರಯಪತ್ರದಲ್ಲಿ ಬರೆಯಲಿಕ್ಕಾಗುವುದಿಲ್ಲ. ಮಾರುವವರು ಇದನ್ನು ಬಾಯಿಬಿಟ್ಟು ಹೇಳಬೇಕು, ಕೊಳ್ಳುವವರು ವರ್ಗಕ್ಕೆ ಮಾತ್ರ ಕ್ರಯ ಕಟ್ಟಬೇಕು.

ದರ್ಖಾಸ್ತು, ಅಕ್ರಮ-ಸಕ್ರಮದಲ್ಲಿ ಸಿಕ್ಕಿದ ಜಾಗವಾದರೆ ಮಂಜೂರಾತಿ ಪತ್ರ ತೆಗೆದು ಪರಭಾರೆ ಮಾಡಬಾರದ ಅವಧಿ ಎಷ್ಟೆಂದು ಓದಿ. ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟವೇ ಅಸಿಂಧು. 2023ರ ತಿದ್ದುಪಡಿಯ ನಂತರ 'ತುಂಬ ವರ್ಷ ಆಯಿತಲ್ಲ' ಎಂಬ ವಾದವನ್ನೇ ನಂಬಿ ಕೂರುವ ಹಾಗಿಲ್ಲ.

ಕೊಳ್ಳುವವರೇ, ಎರಡು ಸಲ ನೋಡಿ

ಅಕ್ಟೋಬರಿನಲ್ಲಿ ಬಂದು ಹಸಿರು ನೋಡಿ ಮರುಳಾಗಬೇಡಿ. ಆಗ ಎಲ್ಲ ತೋಟವೂ ಚೆಂದ. ಏಪ್ರಿಲ್-ಮೇಯಲ್ಲಿ ಒಮ್ಮೆ ಬನ್ನಿ. ಬಾವಿಗೆ ಇಣುಕಿ, ಪಂಪು ಹಾಕಿಸಿ ಎಷ್ಟು ಹೊತ್ತಿಗೆ ನೀರು ಬತ್ತುತ್ತದೆ ಗಡಿಯಾರ ಹಿಡಿದು ನೋಡಿ. ಜುಲೈಯಲ್ಲಿ ಇನ್ನೊಮ್ಮೆ ಬನ್ನಿ. ತೋಡು ಎಲ್ಲಿಯವರೆಗೆ ಏರುತ್ತದೆ, ಜೀಪು ಅಂಗಳಕ್ಕೆ ಬರುತ್ತದೋ ಎಂಬುದು ಆಗ ಗೊತ್ತಾಗುತ್ತದೆ.

ಮಳೆಗಾಲದಲ್ಲೇ ಮನೆಯ ಹಿಂದಿನ ಬರೆ ನೋಡಿ. ಗುಡ್ಡ ನೆಟ್ಟಗೆ ಕಡಿದು ಮನೆ ಕಟ್ಟಿದ್ದಾರಾ? ಬರೆಯ ಮೇಲ್ಭಾಗದಲ್ಲಿ ಬಿರುಕು ಉಂಟಾ? ಕೆಸರು ನೀರು ಒಸರುತ್ತದಾ? 2018ರಲ್ಲಿ ಕೊಡಗು, ಜೋಡುಪಾಲದ ಕಡೆ, 2024ರಲ್ಲಿ ಶಿರೂರು, ವಯನಾಡಿನಲ್ಲಿ ಗುಡ್ಡ ಜರಿದದ್ದು ನೋಡಿದ ಮೇಲೂ ಇದನ್ನು ಕೇಳದೆ ಮನೆ ಕೊಳ್ಳುವುದು ಸರಿಯಲ್ಲ.

ಹಳೆಯ ಹಂಚಿನ ಮನೆಗೆ ಹೊಸ ಬಣ್ಣ ಬಳಿದಿದ್ದರೆ ಅಟ್ಟ ಹತ್ತಿ. ಪಕ್ಕಾಸು ಗೋಡೆಗೆ ಕೂರುವ ತುದಿಯನ್ನು ಚೂರಿಯಿಂದ ಚುಚ್ಚಿ ನೋಡಿ. ಒರಲೆ ಹಿಡಿದಿದ್ದರೆ ಪೊಳ್ಳು ಶಬ್ದ ಬರುತ್ತದೆ. ಇಡೀ ಮಾಡು ಬದಲಿಸುವ ಖರ್ಚು ಸಣ್ಣದಲ್ಲ. ತೋಟದಲ್ಲಿ ಹಳದಿ ಎಲೆ ರೋಗ, ಎಲೆಚುಕ್ಕಿ ಉಂಟೇ ಎಂದು ಪಕ್ಕದ ತೋಟದವರನ್ನು ಕೇಳಿ. ಮರ ಎಷ್ಟೆಂದು ಮಾತಿನಲ್ಲಿ ಬೇಡ, ಎಣಿಸಿ.

ಘಟ್ಟದ ಮೇಲಿಂದ ಕರಾವಳಿಗೆ ಬಂದು ಕೊಳ್ಳುವವರಿಗೆ ಒಂದು ಕಿವಿಮಾತು. ನಿಮ್ಮಲ್ಲಿ ಪಹಣಿಯ 1-20 ಎಂದರೆ 1 ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ. ದಕ್ಷಿಣ ಕನ್ನಡದಲ್ಲಿ 1.20 ಎಂದರೆ 1 ಎಕರೆ 20 ಸೆಂಟ್ಸ್. ಎಕರೆಗೆ 100 ಸೆಂಟ್ಸ್, ಗುಂಟೆಗೆ ಎರಡೂವರೆ ಸೆಂಟ್ಸ್. ಲೆಕ್ಕ ತಪ್ಪಿದರೆ 30 ಸೆಂಟ್ಸಿನ ಹಣ ನೀರಿಗೆ ಹೋದ ಹಾಗೆ.

ಋಣಭಾರ ಪತ್ರ ಆನ್‌ಲೈನಿನಲ್ಲಿ ಸಿಗುವುದು 2004ರಿಂದ ಈಚಿನದು. ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಿ. ಅದರಲ್ಲಿ ಕಾಣುವುದು ನೋಂದಣಿ ಆದದ್ದು ಮಾತ್ರ. ಕೋರ್ಟಿನ ದಾವೆ, ನೋಂದಣಿ ಆಗದ ಉಯಿಲು, ಇನ್ನೊಬ್ಬರ ಹತ್ತಿರ ಪಡೆದ ಮುಂಗಡ ಕಾಣುವುದಿಲ್ಲ. ಅದಕ್ಕೇ ಊರಲ್ಲಿ ವಿಚಾರಿಸಬೇಕು, ಪತ್ರಿಕೆಯಲ್ಲಿ ವಕೀಲರ ಮೂಲಕ ಪ್ರಕಟಣೆ ಕೊಡಬೇಕು. ಗುಟ್ಟಿನ ವ್ಯಾಪಾರದಲ್ಲಿ ಇವೆರಡೂ ಆಗುವುದಿಲ್ಲ, ನೋಡಿ! ಬರೇ ಅಧಿಕಾರ ಪತ್ರ ಬರೆಸಿಕೊಂಡು ಜಾಗೆ ನಮ್ಮದಾಯಿತು ಅಂದುಕೊಳ್ಳಬೇಡಿ. ಅದರಿಂದ ಹಕ್ಕು ಬಾರದು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಬಾಯಿಮಾತಲ್ಲಿ ಉಳಿಯುವ ಸಂಗತಿಗಳು

ಜಗಳ ಹುಟ್ಟುವುದು ಬರೆಯದೆ ಬಿಟ್ಟದ್ದರಿಂದ. ಪರರ ಜಾಗೆಯಲ್ಲಿ ಹಾದುಬರುವ ದಾರಿ ಎಷ್ಟು ಅಡಿ ಅಗಲ? ತೋಡಿನ ಕಟ್ಟದ ನೀರು ಯಾರಿಗೆ ಎಷ್ಟು ದಿನ? ಮರದಲ್ಲಿರುವ ಈ ವರ್ಷದ ಅಡಿಕೆ ಯಾರಿಗೆ? ಪಂಪು, ತುಂತುರು ಪೈಪು, ಹಟ್ಟಿಯ ದನ, ಒಣಗಲು ಹಾಕಿದ ಅಡಿಕೆ ಕ್ರಯದೊಳಗೋ ಹೊರಗೋ? ಪಂಪಿನ ಆರ್.ಆರ್. ನಂಬರು ಯಾವಾಗ ವರ್ಗ? ಎಲ್ಲವೂ ಕರಾರಿನಲ್ಲಿ ಬರಲಿ.

ನಾಗನ ಕಟ್ಟೆ, ದೈವದ ಸ್ಥಾನ ಇದ್ದರೆ ಅದನ್ನೂ ಬರೆಯಿರಿ. ವರ್ಷಕ್ಕೊಮ್ಮೆ ತಂಬಿಲಕ್ಕೆ ಹಳೆಯ ಕುಟುಂಬದವರು ಬರಬಹುದೋ, ಖರ್ಚು ಯಾರದ್ದು, ಬನದ ಮರ ಕಡಿಯಬಾರದೋ? ಹೊಸಬರು ಬೇರೆ ನಂಬಿಕೆಯವರಾಗಿದ್ದರೂ ಬರವಣಿಗೆ ಇದ್ದರೆ ಎರಡು ಕಡೆಗೂ ಗೌರವ.

ಮತ್ತೆ ಜಾಗೆಯಲ್ಲೇ ಬಿಡಾರ ಕಟ್ಟಿಕೊಂಡು ಮೂವತ್ತು ವರ್ಷ ದುಡಿದ ಆಳಿನ ಸಂಸಾರ. ಧನಿ ಹೋಗುವ ಸುದ್ದಿ ಅವರಿಗೆ ಕೊನೆಗೆ ಸಿಗುತ್ತದೆ. ಇದು ನನಗೆ ಒಪ್ಪಿಗೆಯಿಲ್ಲದ ಸಂಗತಿ. ಅವರಿಗೆ ಐದು ಸೆಂಟ್ಸ್ ಆದರೂ ಕ್ರಮಪ್ರಕಾರ ಬರೆದುಕೊಟ್ಟು ಉಳಿದದ್ದು ಮಾರಿ. ಕೊಳ್ಳುವವನಿಗೂ ನುರಿತ ಕೈ ಉಳಿಯುತ್ತದೆ.

ಹಣ ಬೆಳಕಿನಲ್ಲಿರಲಿ

'ಪತ್ರದಲ್ಲಿ ಇಷ್ಟು, ಕೈಯಲ್ಲಿ ಅಷ್ಟು' ಎಂಬ ವ್ಯವಹಾರ ಬೇಡ. ಜಾಗೆಯ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದಕ್ಕೆ 2015ರಿಂದಲೇ ತಡೆ ಉಂಟು. ಪೆಟ್ಟು ಬೀಳುವುದು ಪಡೆದವನಿಗೆ. ಪಟ್ಟಣದ ಗಡಿಯಿಂದ ದೂರದ ಕೃಷಿಭೂಮಿಯ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆ ದೂರ ಪಟ್ಟಣದ ಜನಸಂಖ್ಯೆ ನೋಡಿ 2, 6 ಅಥವಾ 8 ಕಿ.ಮೀ. ಹೀಗಿರುವಾಗ ಅಡಗಿಸಿ ಸಿಗುವುದೇನು? ಮನೆಗೆ ಮಾತ್ರ ಲೆಕ್ಕ ಬೇರೆ. ಭೂಮಿಗೆ ಎಷ್ಟು, ಮನೆಗೆ ಎಷ್ಟು ಎಂದು ವಿಂಗಡಿಸುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಕೊಳ್ಳುವವರು ಕ್ರಯದ ಮೇಲೆ ಖರ್ಚನ್ನೂ ಇಟ್ಟುಕೊಳ್ಳಿ. ಹಳ್ಳಿಯ ಜಾಗೆಗೆ ಮುದ್ರಾಂಕ, ಸೆಸ್, ಸರ್ಚಾರ್ಜ್ ಸೇರಿ ಶೇ. 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಐವತ್ತು ಲಕ್ಷದ ಜಾಗೆಗೆ ಇದೇ ಮೂರು ಲಕ್ಷದ ಎಂಬತ್ತೆರಡೂವರೆ ಸಾವಿರ ಆಯಿತು.

ಸೊಸೈಟಿಯಲ್ಲೊಂದು ಪುಸ್ತಕ

ನನ್ನದೊಂದು ಸಲಹೆ. ಪ್ರತಿ ಊರಿನ ಕೃಷಿಪತ್ತಿನ ಸಹಕಾರಿ ಸಂಘದಲ್ಲಿ ಒಂದು ಪುಸ್ತಕ ಇಡಲಿ. ಜಾಗೆ ಮಾರಲಿಕ್ಕುಂಟು, ಜಾಗೆ ಬೇಕಾಗಿದೆ ಎಂದು ಸದಸ್ಯರು ಬರೆಯಲಿ. ವರ್ಗ ಎಷ್ಟು, ಕುಮ್ಕಿ ಎಷ್ಟು, ಬೇಸಗೆಯ ನೀರು ಹೇಗೆ ಎಂದು ಪ್ರಾಮಾಣಿಕವಾಗಿ ನಾಲ್ಕು ಸಾಲು ಸಾಕು. ದಲ್ಲಾಳಿಗೆ ಹೇಳುವ ಒಂದು ತಿಂಗಳ ಮೊದಲು ಅಲ್ಲಿ ಬರೆಯಿರಿ, ನೆರೆಕರೆಗೆ ಹೇಳಿ. ಅರ್ಧ ಎಕರೆ ಸೇರಿಸಿಕೊಳ್ಳಲು ಕಾಯುವ ಸಣ್ಣ ಕೃಷಿಕ, ಊರಿಗೆ ಮರಳಬೇಕೆಂದಿರುವ ಹುಡುಗ ನಮ್ಮ ನಡುವೆಯೇ ಇದ್ದಾರೆ. ನಾವು ಬಾಯಿ ಬಿಡದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ?