ಆಧಾರವಿಲ್ಲದ ಟ್ಯಾಂಕುಗಳು

ಎರಡನೆಯ ಮಹಾಯುದ್ಧದ ಜರ್ಮನ್ ಟ್ಯಾಂಕ್ ದಳಗಳ ಬಗ್ಗೆ ಪ್ರಕಟವಾಗುವ ಪುಸ್ತಕಗಳಿಗೆ ಕೊನೆಯೆಂಬುದಿಲ್ಲ. ಅವನ್ನು ಆಸೆಯಿಂದ ಕೊಂಡು ಓದುವವರಲ್ಲಿ ನಾವೂ ಸೇರಿದ್ದೇವೆ. ಆದ್ದರಿಂದಲೇ ಈ ತಕರಾರು. ಪುಟಪುಟಕ್ಕೂ ಅಂಕಿಗಳಿರುತ್ತವೆ, ಅವು ಎಲ್ಲಿಂದ ಬಂದವೆಂಬ ಸೂಚನೆ ಮಾತ್ರ ಇರುವುದಿಲ್ಲ. ಹವ್ಯಾಸಿಗಳ ಓದಿಗೆ ಅಡಿಟಿಪ್ಪಣಿ ಏಕೆಂಬುದು ಸಮರ್ಥನೆ. ದಿನಾಂಕವೂ ಪತ್ರಸಂಖ್ಯೆಯೂ ಇಲ್ಲದ ಮೊತ್ತವನ್ನು ನಮ್ಮ ಕಚೇರಿಗಳ ಕಿರಿಯ ಗುಮಾಸ್ತನೂ ಮೇಲಧಿಕಾರಿಯ ಮೇಜಿಗೆ ಕಳಿಸಲಾರ. ಇತಿಹಾಸಕಾರನಿಗೆ ಅಷ್ಟು ಅಂಜಿಕೆಯೂ ಬೇಡವೆ?

ಪ್ರೊಖೊರೊವ್ಕಾವನ್ನೇ ನೋಡೋಣ. 1943ರ ಜುಲೈ 12ರಂದು, ಕುರ್ಸ್ಕ್ ಸಮರದ ದಕ್ಷಿಣ ಭಾಗದಲ್ಲಿ ನಡೆದ ಈ ಕಾಳಗದಲ್ಲಿ ಜರ್ಮನರ ಸುಮಾರು 400 ಟ್ಯಾಂಕುಗಳು, ಅವುಗಳಲ್ಲಿ 70 ಟೈಗರ್‌ಗಳು, ನಾಶವಾದವೆಂದು ಸೋವಿಯತ್ ವೃತ್ತಾಂತಗಳು ಸಾರಿದವು. ಪಾಶ್ಚಾತ್ಯ ಲೇಖಕರು ದಶಕಗಳ ಕಾಲ ಅದನ್ನೇ ನಕಲು ಮಾಡಿದರು. ಆದರೆ ಅಲ್ಲಿ ಹೋರಾಡಿದ ಎರಡನೆಯ ಎಸ್‌ಎಸ್ ಪಾಂಜರ್ ಕೋರ್‌ನ ಬಳಿ ಅಂದು ಬಳಕೆಗೆ ಸಿದ್ಧವಿದ್ದ ಟ್ಯಾಂಕು, ದಾಳಿ ಫಿರಂಗಿಗಳೆಲ್ಲ ಸೇರಿದರೂ 300 ಆಗುತ್ತಿರಲಿಲ್ಲ. ಟೈಗರ್‌ಗಳಂತೂ ಬರೀ 15. ಇದ್ದುದಕ್ಕಿಂತ ಹೆಚ್ಚು ಸುಟ್ಟರೆಂದಾಯಿತು! ವಶಪಡಿಸಿಕೊಂಡ ಜರ್ಮನ್ ದಾಖಲೆಗಳು ವಾಷಿಂಗ್‌ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಮೈಕ್ರೋಫಿಲ್ಮಿನ ರೂಪದಲ್ಲಿವೆ. ಹಿಂದಿನ ಪುಸ್ತಕದಿಂದ ಎತ್ತಿಕೊಳ್ಳುವುದು ಅವನ್ನು ಓದುವುದಕ್ಕಿಂತ ಸುಲಭ, ಅಷ್ಟೆ.

ಈಗ ಎದುರು ದಿಕ್ಕಿನ ಅತಿರೇಕ. ಆ ದಿನ ಪೂರ್ತಿ ನಷ್ಟವಾದ ಜರ್ಮನ್ ಟ್ಯಾಂಕುಗಳು ಬೆರಳೆಣಿಕೆಯಷ್ಟೇ ಎಂದು ಇತಿಹಾಸಕಾರ ಕಾರ್ಲ್-ಹೈನ್ಜ್ ಫ್ರೀಸರ್ ತೋರಿಸಿದ್ದೇ ತಡ, ಅದನ್ನು ಜರ್ಮನರ ಅಜೇಯತೆಗೆ ಪುರಾವೆ ಮಾಡಿಕೊಂಡವರುಂಟು. ಪೂರ್ತಿ ನಷ್ಟ ಬೇರೆ, ಪೆಟ್ಟು ತಿಂದು ದುರಸ್ತಿಗೆ ಹೋದದ್ದು ಬೇರೆ. ರಣರಂಗ ಕೈಯಲ್ಲಿರುವವರೆಗೆ ಮಾತ್ರ ಎರಡನೆಯದು ಮರಳಿ ಬಂದೀತು ಎಂಬುದನ್ನು ಇವರು ಹೇಳುವುದಿಲ್ಲ.

ಅಂಕಿಯ ತಪ್ಪನ್ನಾದರೂ ತಿದ್ದಬಹುದು. ಬೇಕೆಂದೇ ಬಿಟ್ಟದ್ದನ್ನು ತಿದ್ದುವುದು ಕಷ್ಟ. ಪೂರ್ವರಂಗದ ಕಥೆಯನ್ನು ಜನಪ್ರಿಯಗೊಳಿಸಿದ ಪಾಲ್ ಕಾರೆಲ್ ಎಂಬಾತ ನಿಜದಲ್ಲಿ ರಿಬೆನ್‌ಟ್ರಾಪನ ವಿದೇಶಾಂಗ ಖಾತೆಯ ಪತ್ರಿಕಾ ವಿಭಾಗದ ಮುಖ್ಯಸ್ಥನಾಗಿದ್ದ ಪಾಲ್ ಕಾರ್ಲ್ ಶ್ಮಿಟ್. ಹೆಸರು ಬದಲಿಸಿಕೊಂಡ ಈ ಪ್ರಚಾರಕನನ್ನು ಸಾಕ್ಷಿಯೆಂದು ಉಲ್ಲೇಖಿಸುವವರು ಇಂದಿಗೂ ಇದ್ದಾರೆ. 'ಡಾಸ್ ರೈಖ್' ಪಾಂಜರ್ ಡಿವಿಷನ್ನಿನ ಬಹುಸಂಪುಟಗಳ ಇತಿಹಾಸವನ್ನು ಬರೆದ ಓಟೋ ವೈಡಿಂಗರ್ ಅದೇ ಡಿವಿಷನ್ನಿನ ಅಧಿಕಾರಿ. 1944ರ ಜೂನ್ 10ರಂದು ಫ್ರಾನ್ಸಿನ ಒರಾಡೂರ್-ಸ್ಯೂರ್-ಗ್ಲಾನ್‌ನಲ್ಲಿ ಗಂಡಸರನ್ನು ಕೊಟ್ಟಿಗೆಗಳಿಗೆ ಅಟ್ಟಿ ಗುಂಡಿಟ್ಟು, ಹೆಂಗಸರನ್ನೂ ಮಕ್ಕಳನ್ನೂ ಇಗರ್ಜಿಯಲ್ಲಿ ಕೂಡಿಹಾಕಿ ಕೊಂದದ್ದು ಅವನ ರೆಜಿಮೆಂಟೇ. ಹೊಣೆಯನ್ನು ಆತ ಫ್ರೆಂಚ್ ಪ್ರತಿರೋಧ ಹೋರಾಟಗಾರರ ತಲೆಗೆ ಕಟ್ಟಲು ನೋಡಿದ. ಇಂಥವನ ಬರಹದಿಂದ ದಂಡಯಾತ್ರೆಯ ದಾರಿಯನ್ನೂ ಟ್ಯಾಂಕುಗಳ ಸಂಖ್ಯೆಯನ್ನೂ ಎತ್ತಿಕೊಳ್ಳುವ ಲೇಖಕರು, ಅದು ಯಾರ ಬರಹವೆಂದು ಓದುಗನಿಗೆ ತಿಳಿಸುವ ಗೋಜಿಗೇ ಹೋಗುವುದಿಲ್ಲ. ಅವರ ಪುಸ್ತಕದಲ್ಲಿ ಪ್ರತಿಯೊಂದು ಟೈಗರ್‌ಗೂ ಸಂಖ್ಯೆಯಿದೆ; ಆ ಹಳ್ಳಿಗೆ ಒಂದು ಸಾಲು, ಇದ್ದರೆ.

ಆ ಹಳ್ಳಿಯಲ್ಲಿ ಸತ್ತವರ ಸಂಖ್ಯೆ ಬಹುಕಾಲ 642 ಎಂದಿತ್ತು. ಮುಕ್ಕಾಲು ಶತಮಾನದ ಬಳಿಕ ಸಂಶೋಧಕನೊಬ್ಬ ದಾಖಲೆಗಳನ್ನು ತಾಳೆ ನೋಡಿ, ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಒಬ್ಬಳನ್ನು ಗುರುತಿಸಿದ. ಸ್ಪೇನಿನಿಂದ ಆಶ್ರಯ ಅರಸಿ ಬಂದಿದ್ದ ಮುದುಕಿ. ಈಗ ಅದು 643.