ಚಕ್ರ ಹಾಕಿದ್ರೆ ಸಾಕಾ?

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ ವರ್ಷ ಹೆಸರು ಬದಲಿಸಿಕೊಂಡು ಬರುವ ಒಂದು ಪ್ರಾಜೆಕ್ಟ್ ಇದೆ. ಯಾವುದೋ ಒಂದು ಯಂತ್ರ, ಅದರ ಹೆಸರಿನ ಹಿಂದೆ ‘ಪೋರ್ಟಬಲ್’ ಅಂತ ಒಂದು ಪದ, ಅದರ ಕೆಳಗೆ ನಾಲ್ಕು ಚಕ್ರ. ರಿಪೋರ್ಟಿನಲ್ಲಿ ಕಂಪ್ಯೂಟರ್ ಬರೆದುಕೊಟ್ಟ ಬಣ್ಣಬಣ್ಣದ ಸ್ಟ್ರೆಸ್ ಚಿತ್ರ, ಅದರ ಅಡಿಯಲ್ಲಿ ‘ಡಿಸೈನ್ ಈಸ್ ಸೇಫ್’ ಎಂಬ ಒಂದು ಸಾಲು. ವೈವಾದಲ್ಲಿ ತಳ್ಳಿ ತೋರಿಸ್ತೀವಿ, ಉರುಳುತ್ತೆ, ಮಾರ್ಕ್ಸ್ ಬರುತ್ತೆ. ಚಕ್ರ ಹಾಕಿದ ಮೇಲೂ ಯಂತ್ರ ತನ್ನ ಕೆಲಸವನ್ನು ಮೊದಲಿನಷ್ಟೇ ಚೆನ್ನಾಗಿ ಮಾಡುತ್ತಾ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಗೆ ನಮಗೆ ಕಂಡ ಒಳ್ಳೆಯ ಉದಾಹರಣೆ ಸ್ವಲ್ಪ ದೂರದ್ದು: ಅಮೆರಿಕ, ಕೆನಡಾದ ಹಳ್ಳಿಗಾಡಿನ ಮರ ಕೊಯ್ಯುವ ಯಂತ್ರ. ಅಲ್ಲಿ ಸ್ವಂತ ಜಮೀನಿನಲ್ಲಿ ಮರ ಇರುವ ಎಷ್ಟೋ ರೈತರ ಹತ್ತಿರ ಸಣ್ಣ ಬ್ಯಾಂಡ್‌ಸಾ ಮಿಲ್ಲು ಇರುತ್ತದೆ. 1982ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಶುರುವಾದ ವುಡ್‌ಮೈಜರ್ ಥರದ ಕಂಪನಿಗಳು ಇದನ್ನು ಮನೆಮಾತು ಮಾಡಿದವು. ಯಂತ್ರದ ರಚನೆ ಸರಳ. ನೆಲದ ಮೇಲೆ ಎರಡು ಉದ್ದನೆಯ ಉಕ್ಕಿನ ಹಳಿ, ನಡುವೆ ಅಡ್ಡಪಟ್ಟಿಗಳು, ಅವುಗಳ ಮೇಲೆ ದಿಮ್ಮಿ. ದಿಮ್ಮಿ ಅಲುಗಾಡುವುದಿಲ್ಲ. ಎಂಜಿನ್ನು, ಎರಡು ಚಕ್ರ, ಅವುಗಳ ಸುತ್ತ ತಿರುಗುವ ತೆಳು ಬ್ಲೇಡು ಇರುವ ‘ಹೆಡ್’ ಹಳಿಯ ಮೇಲೆ ಸಾಗುತ್ತಾ ದಿಮ್ಮಿಯನ್ನು ಉದ್ದಕ್ಕೆ ಸೀಳುತ್ತದೆ. ಬ್ಲೇಡು ತಿನ್ನುವ ಮರ ಸುಮಾರು 2 ಮಿ.ಮೀ. ಅಷ್ಟೆ. ದೊಡ್ಡ ವೃತ್ತಾಕಾರದ ಗರಗಸ ಇದರ ಎರಡು ಮೂರು ಪಟ್ಟು ಪುಡಿ ಮಾಡುತ್ತದೆ.

ಇದನ್ನು ಪೋರ್ಟಬಲ್ ಅಂತಲೇ ಮಾರುತ್ತಾರೆ. ಆದರೆ ಕಡಿಮೆ ಬೆಲೆಯ ಮಾದರಿಗಳು ಬಿಚ್ಚಿ ಸಾಗಿಸಿ ಮತ್ತೆ ಜೋಡಿಸಬೇಕಾದಂಥವು. ಒಂದು ಕಡೆ ಕೂರಿಸಿದರೆ ಅಲ್ಲೇ ಇರುತ್ತವೆ. ಮರವನ್ನು ಮಿಲ್ಲಿಗೆ ತರುವುದೋ, ಮಿಲ್ಲನ್ನು ಮರದ ಹತ್ತಿರ ಒಯ್ಯುವುದೋ ಎಂಬ ಪ್ರಶ್ನೆ ಆಗ ಬರುತ್ತದೆ. 50 ಸೆಂ.ಮೀ. ದಪ್ಪದ, 5 ಮೀಟರ್ ಉದ್ದದ ಹಸಿ ಓಕ್ ದಿಮ್ಮಿ ಹತ್ತಿರ ಹತ್ತಿರ ಒಂದು ಟನ್ ತೂಗುತ್ತದೆ. ಅದರಲ್ಲಿ ದೊಡ್ಡ ಪಾಲು ನೀರು, ಉಳಿದದ್ದರಲ್ಲಿ ಕೊನೆಗೆ ಬಿಸಾಡುವ ಬೆನ್ನುಪಟ್ಟಿ, ಹೊಟ್ಟು. ಅಷ್ಟನ್ನೂ ಲಾರಿಗೆ ಹೇರಿ ತರುವ ಬದಲು ಯಂತ್ರವೇ ಹೋಗಿ ಹಲಗೆ ಮಾಡಿಕೊಂಡು ಬರುವುದು ಲಾಭ. ಹಾಗಾಗಿ ಇಂಥ ಮಿಲ್ಲು ಕೊಂಡ ಎಷ್ಟೋ ಮಂದಿ ಒಂದೆರಡು ವರ್ಷಕ್ಕೆ ಅದನ್ನು ಟ್ರೇಲರ್ ಮೇಲೆ ಏರಿಸಲು ಹೊರಡುತ್ತಾರೆ. ಹಳೆಯ ದೋಣಿ ಟ್ರೇಲರಿನ ಆಕ್ಸಲ್ ಹುಡುಕುತ್ತಾರೆ, ವೆಲ್ಡಿಂಗ್ ಮಾಡುತ್ತಾರೆ, ಕಾರಿನ ಹಿಂದೆ ಕಟ್ಟುತ್ತಾರೆ. ಏನ್ ಮಹಾ ಕೆಲಸ ಅನ್ನಿಸುತ್ತೆ.

ನಮ್ಮ ವಾದ ಇಲ್ಲಿಂದ ಶುರು. ನೆಲಕ್ಕೆ ಕೂತ ಮಿಲ್ಲಿನ ಬಿಗಿತ ಅದರದ್ದಲ್ಲ, ನೆಲದ್ದು. ಪ್ರತಿ ಎರಡೂವರೆ ಅಡಿಗೆ ಒಂದು ಕಾಲು, ಅದರ ಕೆಳಗೆ ಕಾಂಕ್ರೀಟು ಇರುವುದರಿಂದ ತೆಳು ಹಳಿಯೂ ನೆಟ್ಟಗಿರುತ್ತದೆ. ಟ್ರೇಲರ್ ಮಾಡುವಾಗ ಆ ಸಾಲವನ್ನು ವಾಪಸ್ ಕೊಟ್ಟ ಹಾಗೆ. ಇಲ್ಲಿಯವರೆಗೆ ಭೂಮಿ ಪುಕ್ಕಟೆ ಕೊಡುತ್ತಿದ್ದದ್ದನ್ನು ಇನ್ನು ಉಕ್ಕಿನಲ್ಲಿ ಕಟ್ಟಿಕೊಂಡು ಹೊರಬೇಕು. ಅಂದರೆ ಕೆಲಸ ಚಕ್ರ ಕಟ್ಟುವುದಲ್ಲ, ಅಡಿಪಾಯವನ್ನೇ ಜೊತೆಗೆ ಒಯ್ಯುವುದು.

ಲೆಕ್ಕ ಹಾಕೋಣ. ಮೂರನೇ ಸೆಮಿಸ್ಟರಿನ ಎಸ್‌ಒಎಂ ಸಾಕು. ಹೆಡ್ಡಿನ ತೂಕ 200 ಕೆ.ಜಿ. ಎಂದಿಟ್ಟುಕೊಳ್ಳಿ, ಎರಡು ಹಳಿಗೆ ಹಂಚಿದರೆ ಒಂದಕ್ಕೆ 100 ಕೆ.ಜಿ. ಹಳಿ 50 × 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಟ್ಯೂಬು. ಕಾಲುಗಳ ನಡುವಿನ ಅಂತರ 75 ಸೆಂ.ಮೀ. ಇದ್ದಾಗ, ಹೆಡ್ ನಟ್ಟನಡುವೆ ಬಂದರೆ ಹಳಿ ತಗ್ಗುವುದು ಸುಮಾರು 0.2 ಮಿ.ಮೀ. ಕಣ್ಣಿಗೆ ಕಾಣುವುದೂ ಇಲ್ಲ. ಈಗ ಅದೇ ಹಳಿಯನ್ನು ಟ್ರೇಲರ್ ಮಾಡಿ, ಎರಡು ಆಧಾರಗಳ ನಡುವೆ 3 ಮೀಟರ್ ಬಿಟ್ಟರೆ? ಅಂತರ ನಾಲ್ಕು ಪಟ್ಟಾಯಿತು. ಡಿಫ್ಲೆಕ್ಷನ್ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ 64 ಪಟ್ಟು. ಹಳಿ ಈಗ ಸುಮಾರು 13 ಮಿ.ಮೀ. ತಗ್ಗುತ್ತದೆ. ಒಂದು ಇಂಚಿನ ಹಲಗೆ ಕೊಯ್ಯುವ ಯಂತ್ರ ಅರ್ಧ ಇಂಚು ಬಾಗಿದರೆ ಅದನ್ನು ಯಾರಾದರೂ ಯಂತ್ರ ಅಂತಾರಾ?

ದಿಮ್ಮಿಯೇನೋ ಹಳಿಗಿಂತ ಗಟ್ಟಿ, ಅದು ಬಾಗದೆ ಸುಮ್ಮನೆ ಮಲಗಿರುತ್ತದೆ. ಬ್ಲೇಡು ಮಾತ್ರ ನಡುವೆ ಇಳಿದು ಮತ್ತೆ ಏರುತ್ತದೆ. ಹಲಗೆ ದೋಣಿಯ ತಳದ ಹಾಗೆ ಬಾಗಿ ಬರುತ್ತದೆ. ದಿಮ್ಮಿಯನ್ನು ತಿರುವಿ ಹಾಕಿದ ಮೇಲೆ ದಪ್ಪವೂ ಒಂದೇ ಸಮ ಇರುವುದಿಲ್ಲ. ಕೊಯ್ದವನು ಬ್ಲೇಡು ಮೊಂಡಾಗಿದೆ ಅಂದುಕೊಂಡು ಹೊಸ ಬ್ಲೇಡು ಹಾಕುತ್ತಾನೆ. ಕಾಯಿಲೆ ಒಂದು ಕಡೆ, ಮದ್ದು ಇನ್ನೊಂದು ಕಡೆ.

ಇನ್ನೊಂದು ಅಂಕಿ ನೋಡಿ. ಅದೇ ಮೂರು ಮೀಟರ್ ಹಳಿಯಲ್ಲಿ ಸ್ಟ್ರೆಸ್ ಎಷ್ಟು? ಸುಮಾರು 88 ಮೆಗಾಪ್ಯಾಸ್ಕಲ್. ಸಾಮಾನ್ಯ ಮೈಲ್ಡ್ ಸ್ಟೀಲಿನ ಯೀಲ್ಡ್ 250. ಫ್ಯಾಕ್ಟರ್ ಆಫ್ ಸೇಫ್ಟಿ ಹತ್ತಿರ ಹತ್ತಿರ 3! ಕಂಪ್ಯೂಟರ್ ಚಿತ್ರದಲ್ಲಿ ಎಲ್ಲೆಲ್ಲೂ ತಣ್ಣನೆಯ ನೀಲಿ, ಹಸಿರು. ರಿಪೋರ್ಟಿನಲ್ಲಿ ‘ಡಿಸೈನ್ ಈಸ್ ಸೇಫ್’. ಹೌದು ಮಾರಾಯ್ರೆ, ಸೇಫೇ. ಮುರಿಯುವುದಿಲ್ಲ. ಆದರೆ ಮರ ಕೊಯ್ಯಲು ಬರುವುದಿಲ್ಲ. ಗಟ್ಟಿತನ ಬೇರೆ, ಬಿಗಿತ ಬೇರೆ. ನಾವು ಪರೀಕ್ಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಡೆಫಿನಿಶನ್ ಬರೆಯುತ್ತೇವೆ, ಪ್ರಾಜೆಕ್ಟಿನಲ್ಲಿ ಎರಡನ್ನೂ ಒಂದೇ ಅಂದುಕೊಳ್ಳುತ್ತೇವೆ.

ಪರಿಹಾರವೂ ಅದೇ ಸೂತ್ರದಲ್ಲಿದೆ. 50 × 50ರ ಬದಲು 50 × 100 ಟ್ಯೂಬನ್ನು ಎತ್ತರಕ್ಕೆ ನಿಲ್ಲಿಸಿದರೆ ಉಕ್ಕು ಸುಮಾರು ಒಂದೂವರೆ ಪಟ್ಟು ಹೆಚ್ಚು, ಬಿಗಿತ ಐದು ಪಟ್ಟಿಗೂ ಹೆಚ್ಚು. 13 ಇದ್ದದ್ದು ಎರಡೂವರೆ ಮಿ.ಮೀ.ಗೆ ಇಳಿಯುತ್ತದೆ. ಅದರ ಜೊತೆ ನಡುವೆ ಒಂದು ಜ್ಯಾಕ್ ಕೊಟ್ಟರೆ ಅಂತರ ಅರ್ಧವಾಗಿ ತಗ್ಗು ಇನ್ನೂ ಎಂಟರಲ್ಲಿ ಒಂದು ಪಾಲಾಗುತ್ತದೆ: 0.3 ಮಿ.ಮೀ. ನೆಲದ ಮೇಲಿದ್ದ ಲೆಕ್ಕಕ್ಕೆ ಹತ್ತಿರ ಬಂದೆವು. ಇಷ್ಟಕ್ಕೆ ಸಾಫ್ಟ್‌ವೇರ್ ಬೇಡ, ಒಂದು ಹಾಳೆ ಸಾಕು.

ಜ್ಯಾಕ್ ಅಂದೆವಲ್ಲ, ಅದನ್ನು ಎಷ್ಟೋ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಟ್ರೇಲರ್ ನಿಲ್ಲಿಸಿ ಟಯರ್ ಮೇಲೇ ಕೊಯ್ಯಲು ಶುರು ಮಾಡುತ್ತಾರೆ. ಟಯರ್ ಅಂದರೆ ಗಾಳಿಯ ಸ್ಪ್ರಿಂಗು. ಒಂದು ಟನ್ ದಿಮ್ಮಿಯನ್ನು ಪಕ್ಕದಿಂದ ಉರುಳಿಸಿ ಹಾಕಿದಾಗ ಇಡೀ ಯಂತ್ರ ಆ ಕಡೆಗೆ ವಾಲುತ್ತದೆ, ಜೋರಾಗಿ ಬಿದ್ದರೆ ಮಗುಚಲೂಬಹುದು. ಅದಕ್ಕೆ ಕೆಲಸದ ಹೊತ್ತಿಗೆ ಭಾರವೆಲ್ಲ ಜ್ಯಾಕುಗಳ ಮೇಲೆ ಬರಬೇಕು. ದಿಮ್ಮಿ ಹತ್ತುವ ಬದಿಯಲ್ಲಿ ಹೊರಕ್ಕೆ ಚಾಚಿದ ಕಾಲು ಬೇಕು, ಕೆಳಗೆ ಅಗಲವಾದ ಹಲಗೆ ಬೇಕು, ಇಲ್ಲದಿದ್ದರೆ ಮಳೆ ಬಿದ್ದ ನೆಲದಲ್ಲಿ ಜ್ಯಾಕೇ ಹೂತುಹೋಗುತ್ತದೆ. ಆಮೇಲೆ ಹಳಿಯ ಈ ತುದಿಯಿಂದ ಆ ತುದಿಗೆ ದಾರ ಎಳೆದು ಕಟ್ಟಿ, ಒಂದೊಂದೇ ಜ್ಯಾಕ್ ತಿರುಗಿಸಿ ನೇರ ಮಾಡಬೇಕು. ಬೇಕಿರುವುದು ಮಟ್ಟಕ್ಕಿಂತ ನೇರ. ಇಡೀ ಹಾಸು ಒಂದು ಕಡೆಗೆ ಸ್ವಲ್ಪ ಇಳಿಜಾರಾಗಿದ್ದರೂ ಹಲಗೆ ಸರಿ ಬರುತ್ತದೆ, ತಿರುಚಿಕೊಂಡಿದ್ದರೆ ಬರುವುದಿಲ್ಲ.

ಇನ್ನು ರಸ್ತೆಯ ಮಾತು. ಆಕ್ಸಲ್ ಎಲ್ಲಿ ಕೂರಬೇಕು? ‘ನಡುವೆ’ ಅನ್ನುವವರು ಈ ಲೆಕ್ಕ ನೋಡಲಿ. ಫ್ರೇಮು 400 ಕೆ.ಜಿ., ಹೆಡ್ 200 ಕೆ.ಜಿ. ಕಾರಿಗೆ ಸಿಕ್ಕಿಸುವ ಕೊಂಡಿಯಿಂದ 3.5 ಮೀಟರ್ ದೂರದಲ್ಲಿ ಆಕ್ಸಲ್, ಫ್ರೇಮಿನ ಗುರುತ್ವಕೇಂದ್ರವೂ ಅಲ್ಲೇ. ಹೆಡ್ಡನ್ನು ಆಕ್ಸಲ್‌ಗಿಂತ ಒಂದೂವರೆ ಮೀಟರ್ ಮುಂದೆ ನಿಲ್ಲಿಸಿ ಬಿಗಿದರೆ ಕೊಂಡಿಯ ಮೇಲೆ ಸುಮಾರು 86 ಕೆ.ಜಿ. ಭಾರ ಬೀಳುತ್ತದೆ, ಒಟ್ಟು ತೂಕದ ಶೇ. 14. ಅಮೆರಿಕದಲ್ಲಿ ಶೇ. 10ರಿಂದ 15 ಇರಲಿ ಅನ್ನುವುದು ವಾಡಿಕೆ, ಸರಿಹೋಯಿತು. ಅದೇ ಹೆಡ್ಡನ್ನು ಒಂದೂವರೆ ಮೀಟರ್ ಹಿಂದೆ ಬಿಟ್ಟರೆ? ಕೊಂಡಿ ಅಷ್ಟೇ ಬಲದಲ್ಲಿ ಕಾರಿನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಮೂತಿ ಹಗುರವಾದ ಟ್ರೇಲರ್ ವೇಗ ಹೆಚ್ಚಿದಂತೆ ಬಾಲ ಬೀಸಲು ಶುರುಮಾಡುತ್ತದೆ, ಒಮ್ಮೆ ಶುರುವಾದರೆ ಕಾರನ್ನೂ ಎಳೆದಾಡುತ್ತದೆ. ಅದೇ ಯಂತ್ರ, ಅದೇ ತೂಕ. ನಡುವೆ ಇರುವ ವ್ಯತ್ಯಾಸ ಹೆಡ್ಡನ್ನು ಹಿಡಿದು ನಿಲ್ಲಿಸುವ ಒಂದು ಪಿನ್ನು. ದಾರಿಯಲ್ಲಿ ಆ ಪಿನ್ನು ಕಳಚಿ ಹೆಡ್ ಹಿಂದಕ್ಕೆ ಜಾರಿದರೆ ಏನಾಗಬಹುದು ಎಂದು ಯೋಚಿಸಿಯೇ ಅದರ ದಪ್ಪ ನಿರ್ಧಾರವಾಗಬೇಕು. ಬರೀ ಒಂದು ಪಿನ್ನನ್ನು ನಂಬದೆ ಮೇಲೊಂದು ಪಟ್ಟಿಯನ್ನೂ ಬಿಗಿಯಬೇಕು.

ಆಕ್ಸಲ್ಲನ್ನು ಶಾಶ್ವತವಾಗಿ ಬೆಸೆಯುವುದೋ, ಕಳಚುವ ಹಾಗೆ ಇಡುವುದೋ ಎಂಬ ಜಗಳವೂ ಇದೆ. ಬೆಸೆದರೆ ಹೋದ ಕೂಡಲೇ ಕೆಲಸ ಶುರು. ಆದರೆ ಹಾಸು ಎತ್ತರವಾಗುತ್ತದೆ, ದಿಮ್ಮಿ ಹತ್ತಿಸಲು ಇಳಿಜಾರು ಪಟ್ಟಿ, ವಿಂಚು ಬೇಕಾಗುತ್ತದೆ. ಚಕ್ರ, ಮಡ್‌ಗಾರ್ಡು ದಿಮ್ಮಿಯ ದಾರಿಗೆ ಅಡ್ಡ ಬರುತ್ತವೆ. ಕಳಚುವಂತಿದ್ದರೆ ಯಂತ್ರ ನೆಲಕ್ಕೇ ಇಳಿದು ಕೂರುತ್ತದೆ, ಭೂಮಿಯ ಸಾಲ ಮತ್ತೆ ಸಿಗುತ್ತದೆ, ಬದಲಿಗೆ ಪ್ರತಿ ಸಲ ಇಳಿಸಿ ಏರಿಸುವ ಶ್ರಮ. ದಿನಕ್ಕೊಂದು ತೋಟಕ್ಕೆ ಹೋಗುವವನಿಗೆ ಬೆಸೆದದ್ದು ಸರಿ. ತಿಂಗಳಿಗೊಮ್ಮೆ ಜಾಗ ಬದಲಿಸುವವನಿಗೆ ಕಳಚುವುದೇ ಸರಿ ಅನ್ನುವುದು ನಮ್ಮ ಅಭಿಪ್ರಾಯ. ಉತ್ತರ ಯಂತ್ರದಲ್ಲಿಲ್ಲ, ಅದನ್ನು ಬಳಸುವವನ ಕ್ಯಾಲೆಂಡರಿನಲ್ಲಿದೆ.

‘ಇದೆಲ್ಲ ಅಲ್ಲಿನ ಕಥೆ, ನಮಗ್ಯಾಕೆ?’ ಅಂತ ಕೇಳಬಹುದು. ನಿಜ, ಈ ಯಂತ್ರವನ್ನು ಹಾಗೇ ತಂದು ಮಲೆನಾಡಿನಲ್ಲಿ ಓಡಿಸಿ ಅಂತ ನಾವು ಹೇಳುತ್ತಿಲ್ಲ. ಇಲ್ಲಿ ಮರ ಕೊಯ್ಯುವ ಮಿಲ್ಲಿಗೆ ಪರವಾನಗಿ ಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ನೀಡಿದ ಮೇಲೆ ದೇಶದಾದ್ಯಂತ ಮಿಲ್ಲುಗಳ ಮೇಲೆ ಬಿಗಿ ಹಿಡಿತ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಮರ ಆಧಾರಿತ ಉದ್ಯಮಗಳಿಗೆ ಮಾರ್ಗಸೂಚಿ ತಂದಿತು. ಇಂದು ಇಲ್ಲಿ, ನಾಳೆ ಅಲ್ಲಿ ಇರುವ ಮಿಲ್ಲಿನ ಮೇಲೆ ಕಣ್ಣಿಡುವುದು ಹೇಗೆ ಎಂಬ ಆತಂಕ ಸುಳ್ಳಲ್ಲ, ಘಟ್ಟದ ಕಾಡನ್ನು ನೋಡಿದವರಿಗೆ ಅದನ್ನು ವಿವರಿಸಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ವೆಲ್ಡ್ ಮಾಡಿ ರಸ್ತೆಗಿಳಿಸಿದರೆ ಮುಗಿಯಲಿಲ್ಲ.

ಆದರೆ ಪ್ರಶ್ನೆ ನಮ್ಮದೂ ಹೌದು. ನಮ್ಮ ಬಯಲುಸೀಮೆಯಲ್ಲಿ ಒಕ್ಕಣೆ ಯಂತ್ರ ಟ್ರ್ಯಾಕ್ಟರ್ ಹಿಂದೆ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಯಂತ್ರ ಮನೆಯಿಂದ ಮನೆಗೆ ಬರುತ್ತದೆ. ಇವು ಯಾಕೆ ಇಷ್ಟು ಸಲೀಸಾಗಿ ಓಡಾಡುತ್ತವೆ? ಒಕ್ಕಣೆ ಯಂತ್ರದ ಫ್ರೇಮು ಅರ್ಧ ಇಂಚು ಬಾಗಿದರೂ ಕಾಳು ಕಾಳೇ. ಮರ ಕೊಯ್ಯುವ ಯಂತ್ರಕ್ಕೆ ಆ ಸವಲತ್ತಿಲ್ಲ. ‘ಪೋರ್ಟಬಲ್’ ಅಂತ ಬರೆಯುವ ಮೊದಲು ನಮ್ಮ ಯಂತ್ರ ಇವೆರಡರಲ್ಲಿ ಯಾವ ಜಾತಿಯದ್ದು ಅಂತ ಕೇಳಿಕೊಳ್ಳಬೇಕು. ಇಷ್ಟೂ ಲೆಕ್ಕ ಅದಕ್ಕೇ.

ಹಾಗಾಗಿ ನಮ್ಮ ಕೋರಿಕೆ ಸಣ್ಣದು. ಮುಂದಿನ ಪ್ರಾಜೆಕ್ಟ್ ಬ್ಯಾಚಿನಿಂದ ‘ಪೋರ್ಟಬಲ್’ ಎಂಬ ಪದ ಇರುವ ಯಾವ ರಿಪೋರ್ಟಿನಲ್ಲೂ ಸ್ಟ್ರೆಸ್ ಜೊತೆ ಇನ್ನೊಂದು ಅಂಕಿ ಇರಲಿ: ಎಷ್ಟು ಬಾಗುತ್ತದೆ, ಎಷ್ಟು ಬಾಗಿದರೆ ನಡೆಯುತ್ತದೆ. ಅದೂ ಕಂಪ್ಯೂಟರ್ ಹೇಳಿದ್ದಲ್ಲ, ಅಳೆದದ್ದು. ಇದಕ್ಕೆ ದೊಡ್ಡ ಲ್ಯಾಬ್ ಬೇಡ, ಮರ ಕಡಿಯುವುದೂ ಬೇಡ. ನಮ್ಮ ವರ್ಕ್‌ಶಾಪಿನಲ್ಲಿ ಸುಮಾರು 13 ಕೆ.ಜಿ. ತೂಕದ, ಮೂರು ಮೀಟರಿಗೆ ಸ್ವಲ್ಪ ಮೇಲಿರುವ ಒಂದು ಟ್ಯೂಬು, ಮೂರು ಮೀಟರ್ ಅಂತರದಲ್ಲಿ ಎರಡು ಗಟ್ಟಿ ಸ್ಟ್ಯಾಂಡು, ನಡುವೆ ಕಟ್ಟಲು ಎರಡು ಮೂಟೆ ಸಿಮೆಂಟು, ಒಂದು ಉಕ್ಕಿನ ಸ್ಕೇಲು ಸಾಕು. ಮೂಟೆಯ ಕೆಳಗೆ ಒಂದು ಸ್ಟೂಲು ಇಟ್ಟಿರಿ, ಹಗ್ಗ ಜಾರಿದರೆ ಕಾಲ ಮೇಲೆ ಬೀಳಬಾರದು. ಮೊದಲು ಹಾಳೆಯ ಮೇಲೆ ಲೆಕ್ಕ ಮಾಡಿ, ಆಮೇಲೆ ಮೂಟೆ ಕಟ್ಟಿ. 13 ಮಿ.ಮೀ. ಆಸುಪಾಸು ಬಂದರೆ ಸೂತ್ರ ನಮ್ಮದಾಯಿತು. ಬರದಿದ್ದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಹುಡುಕುವ ಕೆಲಸ ಸಿಕ್ಕಿತು. ನಮ್ಮ ಬ್ಯಾಚಿನವರು ಯಾರಾದರೂ ಅಳೆದರೆ ಅಂಕಿಗಳನ್ನು ಈ ಪತ್ರಿಕೆಗೇ ಕಳಿಸಿ. ಎಷ್ಟೇ ಬಂದಿದ್ದರೂ ಇದ್ದದ್ದು ಇದ್ದಂತೆ ಪ್ರಕಟಿಸೋಣ.